ವೇದವ್ಯಾಸನ ಅನುಮತಿ

2025ರ ಜೂನ್ 16, ಸೋಮವಾರ, ಬೆಳಿಗ್ಗೆ 11:20. ಬಬಲೇಶ್ವರದ ಸಖೂಬಾಯಿ ತನ್ನ ತಮ್ಮ ಪಾಂಡುವಿನೊಂದಿಗೆ ವಿಜಯಪುರದ ಠಾಣೆಗೆ ಬಂದು ದೂರು ಕೊಟ್ಟಳು. ಸಿದ್ಧೇಶ್ವರ ಗುಡಿ ಹತ್ತಿರದ ಖಾಸಗಿ ಹಾಸ್ಟೆಲಿನಲ್ಲಿದ್ದ ಹದಿನಾರರ ಮಗಳು ಪ್ರಾಚಿ ನಿನ್ನೆಯಿಂದ ಕಾಣೆ. ಹಾಸ್ಟೆಲಿನ ವೆಬ್‌ಸೈಟು ತೋರಿಸಿದ್ದು ಇಷ್ಟೇ: ಭಾನುವಾರ 10:40, ಹೊರಗೆ ಕಳಿಸಲು ಅನುಮತಿ ಕೊಟ್ಟವರು, ತಂದೆ ವೇದವ್ಯಾಸ.

ವೇದವ್ಯಾಸ ಸತ್ತು ಎರಡು ವರ್ಷವಾಗಿತ್ತು. ಎಫ್‌ಐಆರ್ ಬರೆಸುವಾಗ ಇನ್‌ಸ್ಪೆಕ್ಟರ್ ಬಂದೇನವಾಜರ ಮೈ ಜುಮ್ಮೆಂದಿತು. ಖಾಕಿ ತೊಟ್ಟವರು ಹಾಗೆಲ್ಲ ಹೇಳಿಕೊಳ್ಳುವಂತಿಲ್ಲ. ಚಹಾ ತರಿಸಿ ಕುಡಿದರು.

12:30ಕ್ಕೆ ಹಾಸ್ಟೆಲಿನಲ್ಲಿ ಪಂಚನಾಮೆ. ತಂದೆಯ ಹೆಸರಿನ ಮುಂದಿದ್ದ ಫೋನಿಗೆ ವೆಬ್‌ಸೈಟಿನಿಂದ ಹೋದ ಗುಪ್ತ ಸಂಖ್ಯೆಯನ್ನು (ಒಟಿಪಿ) ಮುಖಕ್ಕೆ ಓಢಣಿ ಸುತ್ತಿಕೊಂಡ ಒಬ್ಬ ಹೆಂಗಸು ಸರಿಯಾಗಿ ಹೇಳಿದಳು, ಗೇಟು ತೆಗೆದೆ ಎಂದು ಕಾವಲುಗಾರ ಹೇಳಿಕೆ ಕೊಟ್ಟ. ಹುಡುಗಿ ತಾನಾಗಿಯೇ ಅವಳ ಹಿಂದೆ ಹೋಗಿದ್ದಳು.

ವೆಬ್‌ಸೈಟಿನ ಟೇಬಲ್ಲುಗಳನ್ನು, ಎಂದರೆ ಮಾಹಿತಿಯ ಕೋಷ್ಟಕಗಳನ್ನು, ರಚಿಸಿದ್ದ ಹಾಸ್ಟೆಲಿನ ಕಂಪ್ಯೂಟರ್ ಕೆಲಸದ ಸಂಪದಾ ಅಲ್ಲೇ ಇದ್ದಳು. ಒಂದರಲ್ಲಿ ಹುಡುಗಿಯರು, ಇನ್ನೊಂದರಲ್ಲಿ ಸಂಬಂಧಿಕರು, ಯಾರನ್ನು ಯಾರು ಕರೆದೊಯ್ಯಬಹುದೆಂಬುದು ಮೂರನೆಯದರಲ್ಲಿ ಎಂದು ತೆರೆಯ ಮೇಲೆ ವಿವರಿಸಿದಳು.

“ಸತ್ತವರ ಹೆಸರಿಗೆ ಅನುಮತಿ ಯಾಕ ಐತಿ?” ಬಂದೇನವಾಜರು ಕೇಳಿದರು.

ಉತ್ತರ ಕೊಟ್ಟದ್ದು ಜೊತೆಗೆ ಬಂದಿದ್ದ ಸಖೂಬಾಯಿ. “ನಾನ ಬೇಡಿಕೊಂಡಿದ್ನಿರಿ. ಎಲ್ಲಾ ಕಡಿ ಅವರ ಹೆಸರ ಹೊಡದ ಹಾಕ್ಯಾರ. ಇಲ್ಲೊಂದರ ಇರ್ಲಿ ಅಂದೆ.”

ಶನಿವಾರ ಸಂಜೆ 4:05ಕ್ಕೆ ಆ ಹೆಸರಿನ ಮುಂದಿದ್ದ ಫೋನ್ ಸಂಖ್ಯೆ ಬದಲಾಗಿತ್ತು. ಹಾಗೆ ಬದಲಿಸುವ ಅಧಿಕಾರ ಟೇಬಲಿನಲ್ಲಿ ಒಬ್ಬಳಿಗೇ ಇತ್ತು, ಸಂಪದಾಗೆ. ಹೊಸ ಸಂಖ್ಯೆ ತಿಕೋಟಾದಲ್ಲಿದೆ ಎಂದು ಕಾನ್‌ಸ್ಟೆಬಲ್ ಶಾಹೀನ ಪತ್ತೆ ಮಾಡಿದಾಗ ಸಂಪದಾ ತಾನೇ ಹೋಗಿ ಜೀಪು ಹತ್ತಿದಳು.

3:45. ತಿಕೋಟಾದಲ್ಲಿ ಸಂಪದಾಳ ತವರುಮನೆ. ಪ್ರಾಚಿ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ಪೊಲೀಸರನ್ನು ಕಂಡವಳೇ ಎದ್ದು ಗೋಡೆಗೆ ಒತ್ತಿಕೊಂಡಳು.

“ಮಾವನೂ ಬಂದಾನೇನ್ರಿ?”

ಬರುವ ಗುರುವಾರ ಅವಳಿಗೂ ಸೋದರಮಾವ ಪಾಂಡುವಿಗೂ ಮದುವೆ ಗೊತ್ತಾಗಿತ್ತು. ಈ ಸೋಮವಾರವೇ ಅವನು ಅವಳನ್ನು ಹಾಸ್ಟೆಲಿನಿಂದ ಕರೆದೊಯ್ಯುವವನಿದ್ದ. ಅದನ್ನು ಪ್ರಾಚಿ ಶನಿವಾರ ಸಂಪದಾಳಿಗೆ ಹೇಳಿದ್ದಳು. ಟೇಬಲಿನಲ್ಲಿ ಅವನಿಗೂ ಅನುಮತಿಯಿತ್ತು. ಬಂದೇನವಾಜರು ಮಕ್ಕಳ ಕಲ್ಯಾಣ ಸಮಿತಿಗೆ ತಕ್ಷಣ ಫೋನು ಮಾಡಿದರು. ಪ್ರಾಚಿಯನ್ನು ಬಾಲಮಂದಿರಕ್ಕೆ ಕಳಿಸುವುದೆಂದೂ ಮದುವೆ ತಡೆಯುವುದೆಂದೂ ತೀರ್ಮಾನವಾಯಿತು.

5:10ಕ್ಕೆ, ಪಾಲಕರ ವಶದಿಂದ ಅಪ್ರಾಪ್ತೆಯನ್ನು ಅಪಹರಿಸಿದ ಆರೋಪದ ಮೇಲೆ ಓಢಣಿ ಸುತ್ತಿಕೊಂಡು ಬಂದವಳು ತಾನೇ ಎಂದು ಒಪ್ಪಿಕೊಂಡ ಸಂಪದಾಳನ್ನು ಶಾಹೀನ ಬಂಧಿಸಿದಳು. ಜಪ್ತಿಯಾದ ಲ್ಯಾಪ್‌ಟಾಪಿನಲ್ಲಿ ಒಂದು ಪಟ್ಟಿಯಿತ್ತು. ಹೊರಗೆ ಹೋಗಿ ವಾಪಸು ಬಾರದವರ ಹೆಸರುಗಳು ದಿನಾ ಬೆಳಿಗ್ಗೆ ಅದರಲ್ಲಿ ಮೂಡುತ್ತಿದ್ದವು. ಮೂರು ವರ್ಷದಿಂದ ಮೊದಲ ಹೆಸರು ಒಂದೇ: ರುದ್ರವ್ವ, ಮಮದಾಪುರ. ಕರೆದೊಯ್ದವರು: ಸೋದರಮಾವ. ಅನುಮತಿ: ಇದೆ.

ಅಂದು ರುದ್ರವ್ವ ಅತ್ತು, ಮಾವನ ಅನುಮತಿ ತೆಗೆದುಹಾಕಿರೆಂದು ಕೇಳಿದ್ದಳಂತೆ. ವಾರ್ಡನ್ ಹೇಳದೆ ಆಗುವುದಿಲ್ಲ ಎಂದಿದ್ದಳು ಸಂಪದಾ. ಮಾವನೊಂದಿಗೆ ಮದುವೆಯಾಗಿ, ಮರುವರ್ಷ ಹೆರಿಗೆಯಲ್ಲಿ ರುದ್ರವ್ವ ತೀರಿಕೊಂಡಳು.

“ವಾಪಸ್ ಬಂದ ತಾರೀಖಿನ ಕಾಲಂ ತುಂಬಿದ್ರ ಪಟ್ಟಿಯಿಂದ ಹೋಗ್ತಿತ್ತಲ್ಲ ತಂಗಿ. ದಿನಾ ಯಾಕ ನೋಡ್ಕೋತ ಕೂತಿ?” ಎಂದು ಬಂದೇನವಾಜರು ಕೇಳಿದರು.

“ಅಕಿ ಬಂದ ಇಲ್ಲಲ್ರಿ ಸರ್,” ಎಂದಳು ಸಂಪದಾ. “ಬಂದ ತಾರೀಖು ಏನಂತ ಬರೀಲಿ?”

ಬಂದೇನವಾಜರು ಹೇಳಿಕೆಯಲ್ಲಿ ಅದನ್ನು ಹಾಗೆಯೇ ಬರೆಸಿ, ಅವಳ ಸಹಿ ಪಡೆದರು.