ಹನ್ನೊಂದು ಕೆಂಪು ದಾರ

"ಕತ್ತರಿ ಒಳಗಿಡಿ ತಾಯಿ," ಎಂದಳು ಸೂಲಗಿತ್ತಿ ಅಜ್ಜಿ. "ಬಸುರಿಯ ಕೂದಲು ತಗೊಂಡವಳು ಹೆರಿಗೆಗೆ ಮೊದಲು ಒಂದೋ ಕೂದಲು ವಾಪಸ್ ಕೊಡಬೇಕು, ಇಲ್ಲ ನಿಜ ಹೇಳಬೇಕು. ಎರಡೂ ಮಾಡದಿದ್ರೆ ಅದು ತಗೊಂಡವಳ ಹೊಟ್ಟೆ ಸೇರುತ್ತೆ. ಹಳೇ ಮಾಟ ಇದು. ತಗೊಂಡವಳ ಹೊರತು ಬಿಡಿಸೋರಿಲ್ಲ."

ಕತ್ತರಿ ಹಿಡಿದು ಬಂದವಳು ನಕ್ಕಳು. ಅವಳಿಗೂ ಆಗ ನಾಲ್ಕು ತಿಂಗಳು. "ಹಾಗಾದ್ರೆ ನನ್ನ ಕೂಸು ಜಡೆ ಹಾಕ್ಕೊಂಡೇ ಹುಟ್ಟುತ್ತೆ ಬಿಡಿ ಅಜ್ಜಿ."

ಅಜ್ಜಿ ನಗಲಿಲ್ಲ. ಅವಳ ಹೆರಿಗೆ ಕೋಣೆಗೆ ಕಿಟಕಿ ಇರಲಿಲ್ಲ. ಸೀಮೆಎಣ್ಣೆಯ ವಾಸನೆ, ಹಸಿ ಮೀನಿನ ವಾಸನೆ, ಎಷ್ಟು ತೊಳೆದರೂ ನೆಲ ಬಿಡದ ರಕ್ತದ ವಾಸನೆ. ಗೋಡೆಗೆ ಒರಗಿ ಹನ್ನೊಂದು ಜನ ಬಸುರಿಯರು ಕೂತಿದ್ದರು.

ಊರಿಗೆ ಬಂದು ಎರಡೇ ತಿಂಗಳಾಗಿದ್ದರೂ ಅವಳಿಗೆ ಹೆಸರು ಬಿದ್ದಿತ್ತು: ಕೂದಲು ಮೇಡಂ. ಕಾರ್ಖಾನೆಯ ನೀರು ಅಳಿವೆಗೆ ಹೋಗುತ್ತದೆ, ನೀರಿನ ಪಾದರಸ ಮೀನಿಗೆ, ಮೀನಿನಿಂದ ತಾಯಿಗೆ, ತಾಯಿಯಿಂದ ಹೊಟ್ಟೆಯ ಕೂಸಿಗೆ. ಹಾಗೆ ಹೋಗುತ್ತಿದೆಯೋ ಇಲ್ಲವೋ ಎಂಬುದನ್ನು ತಾಯಿಯ ಕೂದಲು ಹೇಳುತ್ತದೆ. ಅದನ್ನು ಕೇಳುವುದೇ ಅವಳ ಕೆಲಸ.

ಮೊದಲು ತಲೆ ಒಡ್ಡಿದವಳು ಮೀನು ಮಾರುವವಳು. ಎಲ್ಲರಿಗೂ ಮೀನಕ್ಕ. "ತಗೊಳ್ಳಿ ಮೇಡಂ. ನನ್ನ ತಲೇಲಿ ಹೇನು ಬಿಟ್ಟು ಬೇರೇನಾದ್ರೂ ಸಿಕ್ರೆ ಅರ್ಧ ನಿಮಗೆ."

ಕೋಣೆ ನಕ್ಕಿತು. ಅವಳು ಪ್ರತಿಯೊಬ್ಬಳ ಕೂದಲನ್ನೂ ಬುಡದಿಂದ ಕತ್ತರಿಸಿ, ಬುಡದ ಕಡೆಗೆ ಕೆಂಪು ದಾರ ಕಟ್ಟಿ, ಲಕೋಟೆಗೆ ಹಾಕಿ ಅಂಟಿಸಿದಳು. ಕೊನೆಗೆ ತನ್ನದನ್ನೂ ಕತ್ತರಿಸಿದಳು.

ಹನ್ನೆರಡು ಲಕೋಟೆಗಳನ್ನು ಗಂಡನ ಕೈಗೆ ಕೊಟ್ಟಳು. ಅವನು ಕಾರ್ಖಾನೆಯ ಡಾಕ್ಟರು. ಕಾರ್ಖಾನೆಯ ಕಾರು ವಾರಕ್ಕೊಮ್ಮೆ ನಗರಕ್ಕೆ ಹೋಗುತ್ತಿತ್ತು, ಪ್ರಯೋಗಾಲಯ ಅಲ್ಲಿತ್ತು.

ಒಂದು ತಿಂಗಳಾದ ಮೇಲೆ ವರದಿಗಳು ಗಂಡನ ಕೈಲೇ ಬಂದವು. ಹನ್ನೆರಡರಲ್ಲೂ ಒಂದೇ ಮಾತು: ತೊಂದರೆ ಇಲ್ಲ.

ಅವಳು ಮನೆಮನೆಗೆ ಹೋಗಿ ಹೇಳಿದಳು. ಮೀನು ತಿನ್ನಿ, ಭಯ ಬೇಡ, ಕೂಸಿಗೆ ಒಳ್ಳೆಯದು. "ನಿಮ್ಮ ಬಾಯಿಗೆ ಸಕ್ಕರೆ ಹಾಕ," ಎಂದಳು ಮೀನಕ್ಕ. ಅವತ್ತು ಬುಟ್ಟಿಯಲ್ಲಿದ್ದ ದೊಡ್ಡ ಮೀನನ್ನು ಮಾರದೆ ಮನೆಗೆ ಒಯ್ದಳು.

ಮೊದಲ ಕೂಸು ಹುಟ್ಟಿತು. ಕಿವಿ ಕೇಳುತ್ತದೆಯೇ ಎಂದು ಅವಳು ಅದರ ತಲೆಯ ಹಿಂದೆ ಚಪ್ಪಾಳೆ ತಟ್ಟಿದಳು. ಕೂಸು ಬೆಚ್ಚಲಿಲ್ಲ. ಇನ್ನೊಮ್ಮೆ ತಟ್ಟಿದಳು. ಎರಡನೆಯದರ ಕೈಕಾಲು ಸೆಟೆದುಕೊಂಡಿದ್ದವು. ಮೂರನೆಯದಕ್ಕೆ ಹಾಲು ಚೀಪಲು ಬರಲಿಲ್ಲ. ಮೀನಕ್ಕನ ಕೂಸು ಒಂದು ದಿನ ಇತ್ತು. ಮೀನಕ್ಕ ಜ್ವರದಲ್ಲಿ ಮತ್ತೆ ಮೂರು ದಿನ ಇದ್ದಳು.

"ತೊಂದರೆ ಇಲ್ಲ ಅಂದ್ರಲ್ಲ ಮೇಡಂ," ಅಂದಳಂತೆ ಕೊನೆಗೆ. ಅಜ್ಜಿ ಬಂದು ಹೇಳಿದಳು.

ಅವತ್ತು ಮಧ್ಯಾಹ್ನ ಮನೆಯಲ್ಲಿ ಅನ್ನ ಕಲಸುವಾಗ ಅವಳ ಬೆರಳಿಗೆ ಕೂದಲು ಸಿಕ್ಕಿತು. ಎಳೆದಳು. ಬರುತ್ತಲೇ ಇತ್ತು. ಮೊಳದುದ್ದ. ಅವಳ ಕೂದಲು ಭುಜದ ಮೇಲಕ್ಕಿತ್ತು. ಇದಕ್ಕೆ ಮೀನಿನ ವಾಸನೆಯಿತ್ತು.

ಮರುದಿನ ನೀರಿನ ಲೋಟದಲ್ಲಿ. ಆಮೇಲೆ ದಿಂಬಿನೊಳಗೆ. ಒಂದು ಬೆಳಿಗ್ಗೆ ಕೆಮ್ಮಿದಾಗ ನಾಲಿಗೆಯ ಬುಡದಿಂದ ಎಳೆಎಳೆಯಾಗಿ ಬಂತು. ಅದರ ತುದಿಗೆ ಕೆಂಪು ದಾರ ಕಟ್ಟಿತ್ತು. ಆ ಗಂಟು ಅವಳದೇ ಗಂಟು.

ಗಂಡನಿಗೆ ತೋರಿಸಿದಳು. ಅವನು ನೋಡಲಿಲ್ಲ. "ತುಂಬು ಬಸುರಿ. ಮನಸ್ಸಿಗೆ ಹಚ್ಕೋಬೇಡ," ಎಂದು ಷರಟು ತೊಟ್ಟು ಹೊರಟ. ಅವನ ಕೈ ಗುಂಡಿಯನ್ನು ಹುಡುಕುತ್ತಿತ್ತು.

ಅವನು ಹೋದ ಮೇಲೆ ಸದ್ದು ಕೇಳಿಸಿತು. ಒಣಹುಲ್ಲಿನ ಮೇಲೆ ಏನೋ ಹರಿದಾಡಿದ ಹಾಗೆ. ಹಿಂದಿನ ಕೋಣೆಯಿಂದ. ಅದು ಅವನ ಕೋಣೆ. ಹಾಡಹಗಲಲ್ಲೂ ಅಲ್ಲಿ ಕತ್ತಲೆ. ನೆಲದ ಮೇಲೆ ಒಂದು ಕೂದಲು ಉದ್ದಕ್ಕೆ ಬಿದ್ದಿತ್ತು. ಅದರ ಜಾಡು ಹಿಡಿದು ಹೋದಳು. ಅದು ಕಪಾಟಿನ ಬಾಗಿಲ ಸಂದಿಯೊಳಗೆ ಹೋಗಿತ್ತು.

ಎಳೆದಳು. ಬಾಗಿಲು ತೆರೆಯಿತು.

ಲಕೋಟೆಗಳು. ಎಣಿಸಿದಳು. ಹನ್ನೊಂದು. ಅಂಟು ಬಿಚ್ಚಿರಲಿಲ್ಲ. ಯಾವುದೂ ನಗರಕ್ಕೆ ಹೋಗಿರಲಿಲ್ಲ. ಒಳಗೆ ಏನೋ ಉಸಿರಾಡುತ್ತಿತ್ತು. ಲಕೋಟೆಗಳು ಉಬ್ಬುತ್ತಿದ್ದವು. ಇಳಿಯುತ್ತಿದ್ದವು.

ಹನ್ನೆರಡನೆಯದು ಬೇರೆಯಾಗಿತ್ತು. ತೆರೆದಿತ್ತು. ಅವಳ ಹೆಸರಿನದು. ಅದರೊಳಗೆ ಪ್ರಯೋಗಾಲಯದ ನಿಜವಾದ ವರದಿ: ಪಾದರಸ ಮಿತಿ ಮೀರಿದೆ, ಮೀನು ಕೂಡಲೇ ನಿಲ್ಲಿಸಬೇಕು.

ತಾರೀಖು ನೋಡಿದಳು. ಐದನೇ ತಿಂಗಳು. ಅದೇ ವಾರ ಗಂಡ ತಟ್ಟೆ ಸರಿಸಿ, "ಈ ವಾಸನೆ ನನಗಾಗಲ್ಲ, ಇನ್ಮೇಲೆ ಮನೇಲಿ ಮೀನು ಬೇಡ," ಅಂದಿದ್ದ. ಅವಳು ನಕ್ಕಿದ್ದಳು. ಬಸುರಿ ನಾನೋ ನೀವೋ ಅಂದಿದ್ದಳು.

ಹೊಟ್ಟೆ ಕಲ್ಲಾಯಿತು. ನೀರು ಒಡೆಯಿತು. ಅವಳು ಕೂಗಿದಳು. ಬಾಯಿಂದ ದನಿಯ ಬದಲು ಕೂದಲು ಬಂತು.

ಬಾಗಿಲಲ್ಲಿ ಗಂಡ ನಿಂತಿದ್ದ. ಮರೆತ ಚೀಲಕ್ಕೆಂದು ವಾಪಸ್ ಬಂದಿದ್ದ.

"ಸುಟ್ಟೆ," ಎಂದ. "ಮೂರು ಸಲ ಸುಟ್ಟೆ. ಬೆಳಗಾದ್ರೆ ಇಲ್ಲೇ ಇರ್ತಿದ್ವು."

ಅವಳು ಬೆರಳು ಹಾಕಿ ಗಂಟಲು ಬಿಡಿಸಿಕೊಂಡಳು. "ಆ ವರದಿಗಳು?"

"ನಾನೇ ಟೈಪ್ ಮಾಡಿದೆ. ನಿಜ ಹೊರಗೆ ಬಂದಿದ್ರೆ ಕಾರ್ಖಾನೆ ಮುಚ್ತಿತ್ತು. ನಿನ್ನನ್ನ ಉಳಿಸಿದೆನಲ್ಲ ಕಣೇ."

"ಅವರನ್ನ?"

ಅವನು ಕಪಾಟಿನ ಬಾಗಿಲು ಮುಚ್ಚಿದ.

"ನನ್ನ ಬಾಯಿಂದ ಹೇಳಿಸಿದ್ರಿ," ಎಂದಳು. "ನಿಮ್ಮ ಸುಳ್ಳನ್ನ ಮನೆಮನೆಗೆ ನನ್ನ ಬಾಯಿಂದ ಹೇಳಿಸಿದ್ರಿ."

ಹೆರಿಗೆ ಮಾಡಿಸಲು ಅಜ್ಜಿ ಬಂದಳು. ಕೂಸು ಅಳಲಿಲ್ಲ. ಅಜ್ಜಿ ಅದನ್ನು ಎತ್ತಿ ಹಿಡಿದಳು. ಆ ಪುಟ್ಟ ತಲೆಯಿಂದ ಹನ್ನೊಂದು ಜಡೆಗಳು ಒದ್ದೆಯಾಗಿ ನೇತಾಡುತ್ತಿದ್ದವು. ಒಂದೊಂದಕ್ಕೂ ಕೆಂಪು ದಾರ. ಒಂದರಲ್ಲಿ ಎರಡು ನರೆಗೂದಲು.

"ನೀವೇ ಕೇಳಿದ್ರಿ ತಾಯಿ," ಎಂದಳು ಅಜ್ಜಿ.

ಕೂಸಿನ ಕಣ್ಣು ತೆರೆದಿತ್ತು. ಅದು ಏನನ್ನೂ ನೋಡುತ್ತಿರಲಿಲ್ಲ.

ಮೂರನೇ ದಿನ ಅವಳು ಎದ್ದಳು. ಕೂಸನ್ನು ಎದೆಗೆ ಕಟ್ಟಿಕೊಂಡು, ಲಕೋಟೆಗಳನ್ನು ಹಿಡಿದು ಹೊರಟಳು. ಮೊದಲ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದಳು. ಸುಳ್ಳು ಯಾರದು, ಅದನ್ನು ಹೊತ್ತು ತಂದವಳು ಯಾರು. ಆ ತಾಯಿ ಲಕೋಟೆ ತೆಗೆದುಕೊಂಡು ಮುಖಕ್ಕೆ ಉಗಿದಳು. ಒಂದು ಜಡೆ ಉದುರಿತು. ಕೂಸು ಕಣ್ಣು ಮಿಟುಕಿಸಿತು.

ಎರಡನೇ ಬಾಗಿಲು. ಕೂಸು ಅತ್ತಿತು. ಮೂರನೇ ಬಾಗಿಲು. ಮೊಲೆಗೆ ಬಾಯಿ ಹಾಕಿತು. ಇನ್ನೂ ಹೆರದ ಇಬ್ಬರು ಮನೆಯ ಮೀನನ್ನೆಲ್ಲ ಬೀದಿಗೆ ಎಸೆದರು. ಹೆತ್ತವರ ಕೂಸುಗಳಿಗೆ ಏನೂ ಮರಳಿ ಬರಲಿಲ್ಲ. ಮಾಟ ಬಿಟ್ಟುಕೊಟ್ಟದ್ದು ಅವಳ ಕೂಸನ್ನು ಮಾತ್ರ. ಪಾದರಸಕ್ಕೆ ಅಂಥ ಕರಾರು ಇರಲಿಲ್ಲ.

ಹನ್ನೊಂದನೇ ಬಾಗಿಲಲ್ಲಿ ಮೀನಕ್ಕನ ಗಂಡ ಕೂತಿದ್ದ. ಖಾಲಿ ಬುಟ್ಟಿ ಬೋರಲಾಗಿತ್ತು. ಅವನು ಲಕೋಟೆ ಮುಟ್ಟಲಿಲ್ಲ.

"ನನ್ನ ಕೂದಲಲ್ಲ ಅದು," ಎಂದ. "ಅವಳಿಗೇ ಕೊಡಿ."

ಆ ಒಂದು ಜಡೆ ಉಳಿಯಿತು. ಕತ್ತರಿಸಿದರೆ ಬೆಳಗಾಗುವಷ್ಟರಲ್ಲಿ ಅಷ್ಟೇ ಉದ್ದ. ಎಷ್ಟು ತೊಳೆದರೂ ಮೀನಿನ ವಾಸನೆ.

ಈಗ ಅವಳು ಅಜ್ಜಿಯ ಕೋಣೆಯಲ್ಲಿದ್ದಾಳೆ. ಕೂಸು ನೋಡುತ್ತದೆ, ನಗುತ್ತದೆ, ಕೈ ಚಾಚುತ್ತದೆ. ದಿನವೂ ಒಮ್ಮೆ ಅವಳು ಅದರ ತಲೆಯ ಹಿಂದೆ ಚಪ್ಪಾಳೆ ತಟ್ಟಿ ನೋಡುತ್ತಾಳೆ.

ಸಂಜೆ ಹೊತ್ತು ಗಂಡ ಬಂದು ಹೊಸಿಲಾಚೆ ನಿಲ್ಲುತ್ತಾನೆ. ಕೂಸನ್ನು ಕರೆಯುತ್ತಾನೆ. ಆಮೇಲೆ ಅವಳನ್ನು.

ಕೂಸು ತಿರುಗುವುದಿಲ್ಲ. ಅವಳಿಗೆ ಕೇಳಿಸುತ್ತದೆ. ಅವಳೂ ತಿರುಗುವುದಿಲ್ಲ.