ಹನ್ನೊಂದು ಮಧ್ಯಾಹ್ನ, ಹನ್ನೊಂದು ಹೋಟೆಲು

"ಯಾರು ಕಳಿಸಿದ್ದು ನಿಮ್ಮನ್ನ?"

ಬಾಯಿಗೆ ಹೋಗುತ್ತಿದ್ದ ಅವಳ ಚಮಚ ಅಲ್ಲೇ ನಿಂತಿತು.

ಎದುರಿಗೆ ಅವನು! ನೀಲಿ ಸಮವಸ್ತ್ರ, ಹೆಗಲಲ್ಲಿ ಸ್ಪ್ಯಾನರುಗಳ ಚೀಲ. ಇಷ್ಟು ದಿನ ಬರೀ ಬೆನ್ನು ನೋಡಿದ್ದವಳಿಗೆ ಆ ಮುಖ ಇಷ್ಟು ಹತ್ತಿರದಲ್ಲಿ ಕಂಡದ್ದು ಇದೇ ಮೊದಲು.

"ಹನ್ನೊಂದು ದಿನ ಆಯ್ತು ಮೇಡಂ. ನಾನು ಹೋದ ಹೋಟೆಲಿಗೆಲ್ಲ ನೀವು! ಮೂಲೆ ಟೇಬಲ್ಲು, ಕೈಯಲ್ಲಿ ಮೊಬೈಲು, ಕಳ್ಳ ನೋಟ... ಲಿಫ್ಟ್ ಮೆಕ್ಯಾನಿಕ್ಕು ಊಟಕ್ಕೆ ಎಷ್ಟೊತ್ತು ಕೂರ್ತಾನೆ ಅಂತ ಕಂಪನಿಗೆ ವರದಿ ಕೊಡ್ತಿದ್ದೀರಾ?"

"ಅಯ್ಯೋ, ಇಲ್ಲಾ ರೀ! ನಾನು ಕನ್ನಡಕದ ಅಂಗಡಿಯವಳು!"

"ಕನ್ನಡಕಕ್ಕೂ ನನ್ನ ಊಟಕ್ಕೂ ಏನು ಸಂಬಂಧ?"

ಏನಂತ ಹೇಳುವುದು? ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ.

ಈ ದೊಡ್ಡ ನಗರಕ್ಕೆ ಬಂದು ಎರಡು ತಿಂಗಳು. ಬಾಡಿಗೆ ಕೋಣೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ಗಾಜಿನ ಬಾಗಿಲಿನ ಹೋಟೆಲಿಗೆ ಹೋದರೆ ಬಿಲ್ಲು ನೋಡಿಯೇ ಹೊಟ್ಟೆ ತುಂಬುತ್ತಿತ್ತು. ಅಗ್ಗದ ಕಡೆ ಹೋದರೆ ಹೊಟ್ಟೆ ಕೆಟ್ಟು ಮೂರು ದಿನ ಹಾಸಿಗೆ. ಕೊನೆಗೆ ಅಂಗಡಿಯ ಹಿರಿಯ ಅಕ್ಕ ಉಪಾಯ ಹೇಳಿದ್ದಳು: "ದಿನವಿಡೀ ಊರು ಸುತ್ತೋ ಕೆಲಸದವರು ಎಲ್ಲಿ ಉಣ್ತಾರೆ ನೋಡೇ. ಹೊಟ್ಟೆ ಕೆಡಿಸ್ಕೊಂಡು ಮಲಗೋಕೆ ಅವರಿಗೆಲ್ಲಿದೆ ಪುರುಸೊತ್ತು?"

ಮರುದಿನವೇ ಅಂಗಡಿಯಿದ್ದ ಕಟ್ಟಡದ ಹಳೆಯ ಲಿಫ್ಟುಗಳನ್ನು ಬಿಚ್ಚಿ ಹೊಸದು ಕೂರಿಸಲು ಇವನು ಬಂದ. ಒಂದು ಗಂಟೆಗೆ ಊಟಕ್ಕೆ ಹೊರಟ. ಅವಳೂ ಹೊರಟಳು.

ಇದನ್ನೆಲ್ಲ ಒಂದೇ ಉಸಿರಿನಲ್ಲಿ ಒದರಿದಳು. ಅವನು ನಗುತ್ತಾನೆ ಅಂದುಕೊಂಡಿದ್ದಳು. ನಗಲಿಲ್ಲ. ಬಣ್ಣಗೆಟ್ಟ ಮುಖದಲ್ಲಿ ಎದುರಿನ ಕುರ್ಚಿಗೆ ಕುಸಿದ.

"ನನ್ನ ನಂಬಿಕೊಂಡು... ಊಟ ಮಾಡಿದ್ರಾ?"

"ಯಾಕೆ, ಏನಾಯ್ತು?"

"ನನಗೆ ರುಚಿನೇ ಗೊತ್ತಾಗಲ್ಲ ರೀ."

ಅವಳು ಚಮಚ ತಟ್ಟೆಯಲ್ಲಿಟ್ಟಳು.

"ಎರಡು ವರ್ಷದ ಹಿಂದೆ ಜ್ವರ ಬಂದಿತ್ತು. ಹೋಗುವಾಗ ವಾಸನೆ, ರುಚಿ ಎರಡನ್ನೂ ಜೊತೇಲಿ ಕರ್ಕೊಂಡು ಹೋಯ್ತು. ಎಲ್ಲಾದ್ರೂ ಒಂದು ಕಡೆ ನಾಲಿಗೆ ಎಚ್ಚರ ಆಗುತ್ತೇನೋ ಅಂತ ದಿನಕ್ಕೊಂದು ಹೋಟೆಲು."

"ಹಾಗಾದ್ರೆ ಹೋಟೆಲು ಹೇಗೆ ಆರಿಸ್ತೀರಿ?"

"ಕಿವಿಯಿಂದ," ಅಂದ ಅವನು ಸಂಕೋಚದಿಂದ. "ಫ್ರಿಜ್ಜಿನ ಸದ್ದು ಸರಿಯಿದ್ರೆ ಒಳಗಿರೋದು ಕೆಟ್ಟಿರಲ್ಲ. ಹೊಗೆ ಎಳೆಯೋ ಫ್ಯಾನು ಕಿರುಗುಟ್ಟದಿದ್ರೆ ಅಡುಗೆಮನೆ ತೊಳೀತಾರೆ ಅಂತ ಅರ್ಥ. ಅಷ್ಟೇ ನನ್ನ ಲೆಕ್ಕಾಚಾರ."

ದೇವರೇ! ನಾಲಿಗೆಯೇ ಇಲ್ಲದವನ ಬೆನ್ನು ಹತ್ತಿ ಹನ್ನೊಂದು ದಿನ ಉಂಡೆನೇ?

ಆದರೂ ಹನ್ನೆರಡನೆಯ ದಿನ ಇಬ್ಬರೂ ಒಂದೇ ಟೇಬಲ್ಲಿನಲ್ಲಿದ್ದರು.

"ಹೇಗಿದೆ?" ಅನ್ನುತ್ತಿದ್ದ ಅವನು ಅಂದಿನಿಂದ ದಿನವೂ, ಅವಳು ಮೊದಲ ತುತ್ತು ಇಟ್ಟ ಕೂಡಲೇ.

"ಮೊದಲು ನಿಂಬೆಹುಳಿ. ಆಮೇಲೆ ಹುರಿದ ಬೆಳ್ಳುಳ್ಳಿ, ಸ್ವಲ್ಪ ಸೀದಿದೆ, ಆದ್ರೆ ಸೀದದ್ದೇ ಚೆಂದ. ಕೊನೇಲಿ ಆಲೂಗಡ್ಡೆ ಸಿಹಿ."

ಅವನು ಕಣ್ಣು ಮುಚ್ಚಿಕೊಂಡು ಅಗಿಯುತ್ತಿದ್ದ. ಅವಳು ಕಣ್ಣು ಬಿಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು.

ಮೂರನೆಯ ವಾರ ಅವನು ಅವಳನ್ನು ಸೇತುವೆ ಕೆಳಗಿನ ಹೊಸ ಹೋಟೆಲಿಗೆ ಎಳೆದುಕೊಂಡೇ ಹೋದ. "ಕೇಳಿ ಆ ಫ್ರಿಜ್ಜು! ಹಾಡ್ತಿದೆ!" ಮಗುವಿನ ಹಾಗೆ ಕುಣಿಯುತ್ತಿತ್ತು ಮುಖ.

ಸೂಪು ಬಂತು. ಅವಳು ಒಂದು ಗುಟುಕು ಕುಡಿದಳು. ಉಪ್ಪಿನ ಚೀಲವನ್ನೇ ಸುರಿದಿದ್ದರೋ ಏನೋ, ಕಣ್ಣಲ್ಲಿ ನೀರು ಬಂತು!

"ಹೇಗಿದೆ?"

ಆ ಮುಖ... ಹೇಗೆ ಹೇಳಲಿ?

"ತುಂಬಾ ಚೆನ್ನಾಗಿದೆ. ಬೆಣ್ಣೆ ಹಾಗಿದೆ."

ಅಷ್ಟರಲ್ಲಿ ಪಕ್ಕದ ಟೇಬಲ್ಲಿನ ಮುದುಕ ಗುಡುಗಿದ: "ಏನಪ್ಪಾ ಇದು, ಸಮುದ್ರಾನೇ ಬಡಿಸಿದ್ದೀಯಾ!"

ಸುತ್ತಲೂ ಬಟ್ಟಲುಗಳು ದೂರ ಸರಿದವು. ಅವನು ಎಲ್ಲವನ್ನೂ ನೋಡಿದ. ಚಮಚ ಮೆಲ್ಲಗೆ ಕೆಳಗಿಟ್ಟ.

"ನಿಂಬೆಹುಳಿ... ಬೆಳ್ಳುಳ್ಳಿ... ಅದನ್ನೆಲ್ಲ ನೆನೆಸ್ಕೊಂಡು ನಿದ್ದೆ ಮಾಡ್ತಿದ್ದೆ ರೀ. ಅದೂ ಸುಳ್ಳಾ?"

"ಇಲ್ಲ, ಕೇಳಿ—"

"ನಿಮ್ಮ ನಾಲಿಗೆ ಬಿಟ್ರೆ ನನಗೆ ಬೇರೆ ಇರ್ಲಿಲ್ಲ."

ಎದ್ದು ಹೋದ. ಮರುದಿನ ಲಿಫ್ಟಿನ ಉಳಿದ ಕೆಲಸಕ್ಕೆ ಬೇರೊಬ್ಬ ಬಂದ.

ನಾಲ್ಕು ದಿನ ಅವಳಿಗೆ ಕೆಲಸದಲ್ಲಿ ಮನಸ್ಸಿರಲಿಲ್ಲ. ಗಿರಾಕಿಯೊಬ್ಬರಿಗೆ ಕನ್ನಡಕ ತಲೆಕೆಳಗಾಗಿ ಹಾಕಿದ್ದನ್ನು ನೋಡಿ ಅಕ್ಕನಿಗೆ ತಡೆಯಲಾಗಲಿಲ್ಲ.

"ತಪ್ಪಾಯ್ತು ಅನ್ನೋಕೆ ಬಾಯಿ ಇಲ್ವೇನೇ? ಬರೀ ತಿನ್ನೋಕೆ ಇಟ್ಕೊಂಡಿದ್ದೀಯಾ?"

ಹೊಸ ಲಿಫ್ಟಿನೊಳಗೆ ದೂರಿನ ಫೋನ್ ನಂಬರು ಅಂಟಿಸಿದ್ದರು. ಅವಳು ಕರೆ ಮಾಡಿದಳು.

"ಲಿಫ್ಟಿಗೆ ಏನಾಗಿದೆ ಮೇಡಂ?"

'ಕೆಟ್ಟಿದೆ' ಅಂದುಬಿಟ್ಟರೆ ಸಾಕು, ಅವನು ಬರುತ್ತಾನೆ. ಆದರೆ ಇನ್ನೊಂದು ಸುಳ್ಳೇ?

"ಲಿಫ್ಟು ಚೆನ್ನಾಗಿದೆ. ಕೂರಿಸಿದ ಮೆಕ್ಯಾನಿಕ್ಕು ಬೇಕು."

ಮಧ್ಯಾಹ್ನ ಲಿಫ್ಟಿನ ಬಾಗಿಲು ತೆರೆದಾಗ ಅವನು ನಿಂತಿದ್ದ. ಕೈಯಲ್ಲಿ ಚೀಟಿ.

"ದೂರು: ಲಿಫ್ಟು ಚೆನ್ನಾಗಿದೆ," ಎಂದು ಓದಿದ. "ಹನ್ನೆರಡು ವರ್ಷದ ಸರ್ವೀಸಿನಲ್ಲಿ ಇದೇ ಮೊದಲು."

"ನಿಜ ಹೇಳೋಕೆ ಕರೆಸಿದೆ," ಅಂದಳು ಅವಳು. "ಆ ಸೂಪು ಬಾಯಿಗಿಡೋ ಹಾಗಿರ್ಲಿಲ್ಲ. ನಿಮ್ಮ ಖುಷಿ ಮುರಿಯೋಕೆ ಧೈರ್ಯ ಬರ್ಲಿಲ್ಲ. ಅದೊಂದೇ ಸುಳ್ಳು, ನಿಂಬೆ, ಬೆಳ್ಳುಳ್ಳಿ ಎಲ್ಲಾ ನಿಜ. ಆದ್ರೆ... ಇನ್ನೊಂದು ಮಾತು ಮುಚ್ಚಿಟ್ಟಿದ್ದೆ."

"ಏನು?"

"ಆ ಹನ್ನೊಂದು ಹೋಟೆಲಲ್ಲಿ ಚೆನ್ನಾಗಿದ್ದದ್ದು ನಾಲ್ಕೇ."

"ನಾಲ್ಕೇ?!" ಅವನು ಗೋಡೆಗೆ ಒರಗಿದ.

"ಎಲ್ಲೂ ಹೊಟ್ಟೆ ಕೆಡಲಿಲ್ಲ, ಆ ಮಾತು ಬೇರೆ. ಆದ್ರೆ ಮೂರನೇ ದಿನದ ಮೀನು ರಬ್ಬರು. ಏಳನೇ ದಿನದ ಅನ್ನ ಗಾರೆ."

"ಮತ್ತೆ... ದಿನಾ ಯಾಕೆ ಬಂದ್ರಿ?"

ಅವಳು ನೆಲ ನೋಡಿದಳು.

"ಆ ರಬ್ಬರು ಮೀನು ಪೂರ್ತಿ ತಿಂದು, ಬಡಿಸಿದವನಿಗೆ 'ಹೊಟ್ಟೆ ತಣ್ಣಗಾಯ್ತು ಅಣ್ಣಾ' ಅಂದ್ರಿ ನೀವು. ಅವನ ಮುಖ ಅರಳಿಹೋಯ್ತು. ಅದರ ಮರುದಿನದಿಂದ ನಾನು ಬಂದಿದ್ದು ಊಟಕ್ಕಲ್ಲ."

ಅವನು ಚೀಟಿ ಮಡಚಿ ಜೇಬಿಗಿಟ್ಟ.

"ನಾನು ಇವತ್ತಿನವರೆಗೂ ಅದು ಒಳ್ಳೇ ಮೀನು ಅಂದ್ಕೊಂಡಿದ್ದೆ."

ನೆಲ ನೋಡುತ್ತಿದ್ದವಳು ಫಕ್ಕನೆ ನಕ್ಕುಬಿಟ್ಟಳು.

"ಊಟ ಆಯ್ತಾ?" ಅಂದ ಅವನು, ಮೆಲ್ಲಗೆ ಅವಳ ಕೈ ಹಿಡಿದು.

"ಇಲ್ಲ."

"ಇವತ್ತು ಹೋಟೆಲು ನೀವು ಆರಿಸಿ."

"ಕೆಟ್ಟದಾಗಿದ್ರೆ?"

"ಹೇಳಿಬಿಡಿ. ಇಬ್ರೂ ಸೇರಿ ಬೈಕೊಂಡು ತಿನ್ನೋಣ."

"ನಾಳೆ?"

"ನಾಳೆನೂ," ಅಂದ ಅವನು. "ಆಮೇಲೂ."