ಕರಿಪಟ್ಟಿಯ ಕೆಳಗಿನ ಕೂದಲು

“ಆ ಕರಿಪಟ್ಟಿ ಮಾತ್ರ ಕೀಳಬೇಡಿ ಸ್ವಾಮಿ. ಕೈ ಮುಗೀತೀನಿ.”

ಮಾತು ಬಂದದ್ದು ಹಳೇ ಸಾಮಾನಿನ ಅಂಗಡಿಯ ಹಿಂಭಾಗದ ದಪ್ಪ ಪರದೆಯೊಳಗಿನಿಂದ. ಹೊರಗೆ ಮಟಮಟ ಮಧ್ಯಾಹ್ನ, ಪರದೆಯ ಹಿಂದೆ ಕಗ್ಗತ್ತಲು. ಹಳೇ ಗೇಮ್ ಚಿಪ್ಪೊಂದನ್ನು ಕೈಲಿ ಹಿಡಿದಿದ್ದ ಲಿಫ್ಟ್ ಮೆಕ್ಯಾನಿಕ್ ಬಗ್ಗಿ ನೋಡಿದ. ನೀರಲ್ಲಿ ನೆನೆದ ಕಾಗದದಂಥ ಬಿಳಿ ಬೆರಳುಗಳಷ್ಟೇ ಕಂಡವು.

“ಕಿತ್ರೆ ಏನಾಗುತ್ತೆ? ದೆವ್ವ ಆಚೆ ಬರುತ್ತಾ?” ಎಂದು ನಕ್ಕ.

ಬೆರಳುಗಳು ಒಳಗೆ ಸರಿದವು. ಉತ್ತರ ಕೊಟ್ಟವಳು ಗಲ್ಲಾದ ಮುಂದೆ ಕೂತಿದ್ದ ಅಂಗಡಿಯಾಕೆ. “ಅದು ನನ್ನ ತಮ್ಮ ಮಾಡಿದ ಆಟ. ಅವನ ಜೀವದ ಗೆಳೆಯನೇ ಅದನ್ನ ಕದ್ದು, ತನ್ನ ಹೆಸರು ಹಾಕ್ಕೊಂಡು ಮೆರೆದ. ತಮ್ಮ ಆ ಕೊರಗಲ್ಲೇ ಸತ್ತ. ನೀವು ಆಡಿ, ನಾಲ್ಕು ಜನಕ್ಕೆ ತೋರಿಸಿ. ಅಳಿಸಬೇಡಿ ಅಷ್ಟೆ. ಅಳಿಸಿದೋರನ್ನ ಅದು ಅಳಿಸುತ್ತೆ.”

ಮೆಕ್ಯಾನಿಕನಿಗೆ ಈ ಹುಚ್ಚು ಹಿಡಿದು ಬಹಳ ದಿನವಾಗಿರಲಿಲ್ಲ. ಎಂದೋ ನಿಂತುಹೋದ ಗೇಮ್ ಯಂತ್ರಗಳಿಗೆ ಮನೆಯಲ್ಲೇ ಕಾರ್ಟ್ರಿಜ್, ಅಂದರೆ ಆಟ ತುಂಬಿದ ಪುಟ್ಟ ಡಬ್ಬಿ, ಕಟ್ಟುವವರ ಕೂಟವೊಂದಕ್ಕೆ ಹೊಸದಾಗಿ ಸೇರಿದ್ದ. ಅವರು ಬಳಸುವ ಹಳೇ ಚಿಪ್‌ಗಳ ಬೆನ್ನಿಗೆ ಪುಟ್ಟ ಗಾಜಿನ ಕಿಟಕಿ ಇರುತ್ತದೆ. ಅದರೊಳಗೆ ನೇರಳಾತೀತ ಬೆಳಕಿನ ನೇರಳೆ ದೀಪ ಹಾಯಿಸಿದರೆ ಬರೆದದ್ದೆಲ್ಲ ಅಳಿಸಿ, ಚಿಪ್ ಮತ್ತೆ ಬರೆಯಲು ಸಿದ್ಧವಾಗುತ್ತದೆ. ಬಿಸಿಲಿಗೆ ಬಿಟ್ಟರೂ ಅಷ್ಟೇ, ನಿಧಾನವಾಗಿ. ಅದಕ್ಕೇ ಕಿಟಕಿಗೆ ಪಟ್ಟಿ ಅಂಟಿಸುವುದು. ಇದರಲ್ಲಿ ಮಾಟವೇನು ಬಂತು, ಮಣ್ಣಂಗಟ್ಟಿ? ಪುಕ್ಕಟೆ ಸಿಕ್ಕಿದ್ದನ್ನು ಜೇಬಿಗಿಳಿಸಿ ಸಿಳ್ಳೆ ಹಾಕುತ್ತ ಮನೆಗೆ ನಡೆದ.

ಆಟ ಮಾತ್ರ ಅದ್ಭುತವಾಗಿತ್ತು. ಒಬ್ಬ ಹುಡುಗ ಮನೆಗಳ ಸೂರಿನಿಂದ ಸೂರಿಗೆ ಹಾರುತ್ತ ಆರಿದ ದೀಪಗಳನ್ನು ಹಚ್ಚಿಕೊಂಡು ಹೋಗುತ್ತಾನೆ. ಮಗಳು ಗುಬ್ಬಿ ಅಪ್ಪನ ತೊಡೆ ಬಿಟ್ಟೇಳಲಿಲ್ಲ. ಅವಳಿಗಿನ್ನೂ ಓದಲು ಬಾರದು. ಮೊದಲ ತೆರೆಯ ಮೇಲೆ ‘ಮಾಡಿದವನು’ ಎಂಬುದರ ಕೆಳಗಿದ್ದ ಹೆಸರಿಗೆ ಬೆರಳಿಟ್ಟು ಕೇಳಿದಳು, “ಇದು ನಿನ್ನ ಹೆಸರಾ ಅಪ್ಪಾ? ಇದನ್ನ ನೀನೇ ಮಾಡಿದ್ದಾ?”

ಆ ಕಣ್ಣುಗಳ ಹೊಳಪಿಗೆ ಸೋತು, “ಹೂಂ ಕಣೇ,” ಅಂದುಬಿಟ್ಟ.

ಇನ್ನು ಗುಬ್ಬಿಯನ್ನು ಕೇಳಬೇಕೆ? ಅಮ್ಮನಿಗೆ ಹೇಳಿದಳು, ಬೀದಿಗೆಲ್ಲ ಡಂಗುರ ಸಾರಿದಳು, ಕೂಟದ ಹಿರಿಯರು ಫೋನ್ ಮಾಡಿದಾಗ ಅವರಿಗೂ ಊದಿದಳು. ಭಾನುವಾರ ತಂದು ತೋರಿಸಲೇಬೇಕೆಂದು ಹಿರಿಯರ ಅಪ್ಪಣೆಯಾಯಿತು. ನಿಜ ಹೇಳಿದರೆ ಮಗಳೆದುರು ಮುಖ ಎತ್ತುವುದು ಹೇಗೆ? ಒಂದು ಸುಳ್ಳು ಮುಚ್ಚಲು ಇನ್ನೊಂದು. ಚಿಪ್‌ನಲ್ಲಿದ್ದುದನ್ನು ಕಂಪ್ಯೂಟರಿಗೆ ಇಳಿಸಿಕೊಂಡ. ಹಳೇ ಹೆಸರು ಕಿತ್ತು ತನ್ನದನ್ನು ಕೂರಿಸಿದ. ಆತುರದಲ್ಲಿ ಮೂಲದ ಮೇಲೆಯೇ ಉಳಿಸಿದ. ಬೇರೆ ಪ್ರತಿ ಇಟ್ಟುಕೊಳ್ಳದೆ ಮೂಲ ಮುಟ್ಟಬಾರದೆಂಬುದು ಆ ಕೂಟದ ಮೊದಲ ಪಾಠ. ಕಳ್ಳನಿಗೆ ಪಾಠ ನೆನಪಾಗುವುದು ಸಿಕ್ಕಿಬಿದ್ದ ಮೇಲೆ.

ಶನಿವಾರ ರಾತ್ರಿ ಕರಿಪಟ್ಟಿ ಕಿತ್ತ. ಕೆಳಗೆ, ಗಾಜಿಗೆ ಮೆತ್ತಿಕೊಂಡು, ಸುರುಳಿ ಸುತ್ತಿದ ಒಂದು ಕೂದಲು. ಮನುಷ್ಯರದ್ದು. ಉಗುರಿನಿಂದ ಕೆರೆದು ಕೋಣೆಯ ಕಿಟಕಿಯಾಚೆ ಊದಿ ಬಿಸಾಕಿದ. ಚಿಪ್ಪನ್ನು ಡಬ್ಬಿಯೊಳಗಿಟ್ಟು ನೇರಳೆ ದೀಪ ಹಾಕಿದ. ಕೋಣೆಯಲ್ಲಿ ಕೂದಲು ಸುಟ್ಟ ಕಮಟು ವಾಸನೆ ಎದ್ದಿತು. ಕೂದಲನ್ನು ಕಿಟಕಿಯಾಚೆ ಊದಿದ್ದೆನಲ್ಲ ಎಂದುಕೊಂಡ. ಹಳೇ ಡಬ್ಬಿ, ತಂತಿ ಸುಟ್ಟಿರಬೇಕು. ಖಾಲಿಯಾದ ಚಿಪ್ಪಿಗೆ ತನ್ನ ಹೆಸರಿನ ಆಟವನ್ನು ಬರೆದ.

ಭಾನುವಾರ ಬೆಳಗ್ಗೆ ಮೋಡ ಕವಿದಿತ್ತು. ಕೂಟದಲ್ಲಿ ಚಪ್ಪಾಳೆಯೋ ಚಪ್ಪಾಳೆ. ಹಿರಿಯರು ಅವನ ಬೆನ್ನು ಚಪ್ಪರಿಸುತ್ತಲೇ ಬಾಗಿಲ ತನಕ ಬಂದರು. ಅಷ್ಟರಲ್ಲಿ ಮೋಡ ಸರಿದಿತ್ತು, ಇಬ್ಬರೂ ಅಂಗಳದ ಬಿಸಿಲಿಗಿಳಿದರು. ಹಿರಿಯರ ಕೈ ಬೆನ್ನ ಮೇಲೆಯೇ ನಿಂತಿತು.

“ಕ್ಷಮಿಸಿ. ತಾವು ಯಾರು?”

ತಮಾಷೆಯೆಂದುಕೊಂಡು ನಕ್ಕ. ಅವರು ನಗಲಿಲ್ಲ. ಬೀದಿ ತಿರುವಿನಲ್ಲಿ ಜೊತೆಗೆಲಸದವನು ಎದುರಾದ. ದೂರದಿಂದಲೇ ಕೈ ಬೀಸಿದವನು, ಇವನು ಮರದ ನೆರಳು ದಾಟಿ ಬಿಸಿಲಿಗೆ ಬಂದದ್ದನ್ನು ನೋಡಿದ್ದೇ ಬೀಸಿದ ಕೈ ಇಳಿಸಿ, ಗೋಡೆಯನ್ನು ದಾಟುವಂತೆ ದಾಟಿ ಹೋದ. ಮೆಕ್ಯಾನಿಕ್ ತಿರುಗಿ ಅವನ ಬೆನ್ನನ್ನೇ ನೋಡಿದ. ಮೂಗಿನಲ್ಲಿ ಮತ್ತದೇ ಕಮಟು. ಬಿಸಿಲು. ಬಿಸಿಲಲ್ಲಿ ತನ್ನನ್ನು ಕಂಡವರಿಂದ ತಾನು ಅಳಿಸಿಹೋಗುತ್ತಿದ್ದೇನೆ!

ಓಡಿದ. ಗೋಡೆಯ ನೆರಳು. ಮರದ ನೆರಳು. ಅಂಗಿ ತಲೆಗೆಳೆದುಕೊಂಡ. ಗೇಟಿನ ಬಳಿ ಹೆಂಡತಿ ಬಟ್ಟೆ ಹರವುತ್ತಿದ್ದಳು. “ಒಳಗೆ ಹೋಗು! ನನ್ನ ನೋಡಬೇಡ!” ಎಂದು ಕಿರುಚಿದ. ಕಿರುಚಿದರೆ ಯಾರು ತಾನೇ ನೋಡುವುದಿಲ್ಲ? ಅವಳು ನೋಡಿದಳು. ಕೈಲಿದ್ದ ಬಟ್ಟೆ ಜಾರಿತು.

“ಯಾರ್ರೀ ನೀವು? ಏನು ಬೇಕು?”

ಅವಳನ್ನು ತಳ್ಳಿಕೊಂಡು ಒಳಗೆ ನುಗ್ಗಿದ. ಬಾಗಿಲು ಹಾಕಿದ. ಚಿಲಕ. ಕಿಟಕಿಗೆ ಪರದೆ ಎಳೆದಿದ್ದರಿಂದ ಕೋಣೆ ಕತ್ತಲಾಗಿತ್ತು. ಗುಬ್ಬಿ ಟೀವಿಯ ಮುಂದಿದ್ದಳು. “ಅಪ್ಪಾ!” ಎಂದು ಓಡಿಬಂದು ಕಾಲು ತಬ್ಬಿದಳು. ಅವನು ಕುಸಿದು ಕೂತು ಅತ್ತ. ಇವಳೊಬ್ಬಳು ಸಾಕು. ಇವಳೊಬ್ಬಳು ಉಳಿದರೆ ಸಾಕು. ಹೊರಗೆ ಹೆಂಡತಿ ಬಾಗಿಲು ಬಡಿಯುತ್ತಿದ್ದಳು. “ಕಳ್ಳ! ಮಗು ಒಳಗಿದೆ! ಯಾರಾದ್ರೂ ಬನ್ನಿ!”

“ಯಾಕಪ್ಪಾ ಅಳ್ತೀಯಾ? ಕತ್ತಲಿಗಾ?” ಗುಬ್ಬಿ ಕಿಟಕಿಯತ್ತ ನಡೆದಳು.

“ಬೇಡ ಮಗಳೇ—”

ಪರದೆ ಸರ್ರೆಂದಿತು. ಬಿಸಿಲು ಬಿತ್ತು. ಅವನ ಮುಖದ ಮೇಲೆ. ಪೂರ್ತಿ. ಗುಬ್ಬಿ ತಿರುಗಿದಳು. ನಗು ಇತ್ತು. ಅರ್ಧಕ್ಕೆ ನಿಂತಿತು. ಒಂದು ಹೆಜ್ಜೆ ಹಿಂದಿಟ್ಟಳು. ಇನ್ನೊಂದು.

“ಅಮ್ಮಾ,” ಎಂದು ಸಣ್ಣಗೆ ಕರೆದಳು, “ಯಾರೋ ಬಂದಿದಾರೆ.”

ಜನ ಸೇರುವ ಮುನ್ನ ತಪ್ಪಿಸಿಕೊಂಡು ಅಂಗಡಿಗೆ ಓಡಿಬಂದ ಅವನನ್ನು ಅಂಗಡಿಯಾಕೆ ಮಾತ್ರ ಮರೆತಿರಲಿಲ್ಲ. ಮಾಟ ಮಾಡಿದವರಿಗೆ ಅದು ತಟ್ಟುವುದಿಲ್ಲ. ಅವನು ಕಾಲಿಗೆ ಬಿದ್ದ. ಅವಳು ಚಿಪ್ಪನ್ನು ಈಸಿಕೊಂಡು ಬಟ್ಟೆಯಲ್ಲಿ ಮೃದುವಾಗಿ ಒರೆಸಿದಳು.

“ಪರಿಹಾರ ಇದೆ. ಅಳಿಸಿದ ಕೈಯೇ ನನ್ನ ತಮ್ಮನ ಹೆಸರನ್ನ ಮತ್ತೆ ಬರೀಬೇಕು. ಬರೀರಿ.”

ಬಾಯಿ ತೆರೆದ. ಹೆಸರು ಬರಲಿಲ್ಲ. ಎಷ್ಟು ಸಲ ಓದಿದ್ದ, ಕೈಯಾರೆ ಕಿತ್ತಿದ್ದ. ಒಂದಕ್ಷರವೂ ಉಳಿದಿರಲಿಲ್ಲ.

“ನಿಮಗೆ ಗೊತ್ತಲ್ಲಮ್ಮಾ! ನೀವೇ ಹೇಳಿ!”

“ಗೊತ್ತು. ಹೇಳಲ್ಲ.” ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. “ಒಳಗಿರೋನೂ ಹಿಂಗೇ ಅಳಿಸಿದೋನು, ದಿನಾ ಕೇಳ್ತಾನೆ. ಚಿಕ್ಕಂದಿನಿಂದ ತಮ್ಮನ ಜೊತೆಗೆ ಬೆಳೆದ ಗೆಳೆಯ, ಅವನಿಗೇ ನೆನಪಿಲ್ಲ. ಮಾಡಿದ್ದುಣ್ಣೋ ಮಹರಾಯ. ಹೋಗಿ ಕೂತ್ಕೊಳ್ಳಿ, ಜಾಗ ಇದೆ.”

ಪರದೆಯ ಹಿಂದಿನ ಬಿಳಿ ಬೆರಳುಗಳು ಸ್ವಲ್ಪ ಸರಿದು ಅವನಿಗೂ ಜಾಗ ಮಾಡಿಕೊಟ್ಟವು. ಇಂದಲ್ಲ ನಾಳೆ ಅವಳು ಹೆಸರು ಬಾಯಿಬಿಟ್ಟಾಳೆಂಬ ಆಸೆಗೆ ಇಬ್ಬರೂ ಅಲ್ಲೇ ಕೂತು ಹಳೇ ಸಾಮಾನು ಬಿಚ್ಚತೊಡಗಿದರು. ಅವಳು ಮನೆಯಲ್ಲಿಟ್ಟುಕೊಂಡಿದ್ದ ಮೂಲದಿಂದ ಆಟವನ್ನು ಚಿಪ್ಪಿಗೆ ಮತ್ತೆ ಬರೆದಳು, ತಮ್ಮನ ಬಾಚಣಿಗೆಯಿಂದ ಇನ್ನೊಂದು ಕೂದಲು ಬಿಡಿಸಿದಳು, ಮೇಲೆ ಹೊಸ ಕರಿಪಟ್ಟಿ ಅಂಟಿಸಿದಳು.

ಒಂದು ಮಧ್ಯಾಹ್ನ ಅಂಗಡಿಗೆ ಪರಿಚಿತ ದನಿಯೊಂದು ಬಂತು. “ಮನೇಲಿ ಈ ಗೇಮ್ ಮಿಷಿನ್ ಇದೆ. ಯಾರದ್ದೋ ಗೊತ್ತಿಲ್ಲ. ತಗೋತೀರಾ?”

ಪರದೆಯ ಹಿಂದೆ ಅವನು ಬಾಯಿಗೆ ಕೈ ಒತ್ತಿಕೊಂಡು ಬಿಕ್ಕಿದ. ಪುಟ್ಟ ಹೆಜ್ಜೆಗಳು ಹತ್ತಿರ ಬಂದವು. ಪರದೆಯ ಅಂಚು ಒಂದಿಷ್ಟು ಎದ್ದಿತು. ಗುಬ್ಬಿಯ ಕಣ್ಣು. ಕೈ ಚಾಚಿದ, ಬಿಸಿಲು ಬೆರಳ ತುದಿಗೆ ಬಿದ್ದದ್ದೇ ಹಿಂದಕ್ಕೆಳೆದುಕೊಂಡ.

“ಅಮ್ಮಾ, ಇಲ್ಲಿ ಯಾರೋ ಅಳ್ತಿದಾರೆ!”

ಅಂಗಡಿಯಾಕೆ ಎದ್ದುಬಂದು ಮಗುವಿನ ಕೈ ಹಿಡಿದು ಪರದೆ ಎಳೆದಳು. “ಅಲ್ಲಿ ಯಾರೂ ಇಲ್ಲ ಮರಿ,” ಅಂದಳು. “ಬರೀ ಹಳೇ ಸಾಮಾನು.”